ಎಡಗೈಯ ಕೀಲಿಮಣೆ

ಹಳೆಯ ಯಂತ್ರಗಳ ರಿಪೇರಿ ಕಲಿಸುತ್ತಿದ್ದ ಗುರುವನ್ನು ಶಿಷ್ಯೆಯೊಬ್ಬಳು ಕೇಳಿದಳು: "ಗುರುಗಳೇ, ಹಳೆಯ ಕಂಪ್ಯೂಟರನ್ನು ಇದ್ದ ಹಾಗೆಯೇ ಕಾಪಾಡುವುದು ಸರಿಯೋ, ಬಿಚ್ಚಿ ಬದಲಾಯಿಸಿ ಬಳಸುವುದು ಸರಿಯೋ?"

ಗುರು ಹೇಳಿದರು:

ಜಿನ್ನಪ್ಪ ಎಂಬವನು ಹಳೆಯ ಕಂಪ್ಯೂಟರುಗಳನ್ನು ಕೂಡಿಡುತ್ತಿದ್ದ. ತಯಾರಾದ ದಿನ ಹೇಗಿತ್ತೋ ಹಾಗೆಯೇ ಇರಬೇಕು ಎಂಬುದು ಅವನ ಹಟ. ಕಾರವಾರದ ಫಿಲೋಮಿನಾ ಎಂಬಾಕೆಯ ಮನೆಯಲ್ಲಿ ಅಪರೂಪದ ಒಂದು ಕಂಪ್ಯೂಟರ್ ಇದೆಯೆಂದು ಕೇಳಿ ಹೋದ. ಹಿಂದೆ ಆಕೆಯ ಬಲಗೈಗೆ ಲಕ್ವ ಹೊಡೆದಾಗ, ಗಂಡ ಇನಾಸ್ ಇನ್ನೊಂದು ಕಂಪ್ಯೂಟರನ್ನು ಒಡೆದು, ಇದರ ಮೂಲ ಕೀಲಿಗಳನ್ನು ತೆಗೆದು, ಕವಚದಲ್ಲಿ ತೂತು ಕೊರೆದು ಅದರ ಕೀಲಿಗಳನ್ನು ಕೂಡಿಸಿ, ಎಲ್ಲ ಅಕ್ಷರಗಳೂ ಎಡಗೈಗೇ ಸಿಗುವಂತೆ ಮಾಡಿಕೊಟ್ಟಿದ್ದ. ಅದರಲ್ಲೇ ಆಕೆ ಹತ್ತು ವರ್ಷ ಮೀನುಗಾರರ ಅರ್ಜಿಗಳನ್ನು ಬರೆದುಕೊಟ್ಟಳು. ಈಗ ಇನಾಸ್ ಇರಲಿಲ್ಲ. ಆಕೆಯ ಕಣ್ಣೂ ಮಂದವಾಗಿತ್ತು.

"ತಗೊಂಡು ಹೋಗಪ್ಪ, ಚೆನ್ನಾಗಿ ನೋಡಿಕೊ," ಎಂದಳು.

ಜಿನ್ನಪ್ಪ ಚೆನ್ನಾಗಿಯೇ ನೋಡಿಕೊಂಡ. ಇನಾಸ್ ಕೊರೆದ ತೂತುಗಳನ್ನು ಮುಚ್ಚಿದ. ಅವನು ಕೂಡಿಸಿದ ಕೀಲಿಗಳನ್ನು ಕಿತ್ತು ಡಬ್ಬಿಗೆ ಹಾಕಿದ. ಮೂಲ ಕೀಲಿಗಳಿಗಾಗಿ ಒಂದು ವರ್ಷ ಊರೂರು ಅಲೆದು ತಂದು ಜೋಡಿಸಿದ. ಆಕೆಗೆ ಖುಷಿಯಾದೀತೆಂದು ಕರೆಸಿ, ಅದರ ಮುಂದೆ ಕೂರಿಸಿದ.

ಫಿಲೋಮಿನಾ ಎಡಗೈ ಇಟ್ಟಳು. ಬೆರಳುಗಳು ಸ್ವಲ್ಪ ಹೊತ್ತು ಹುಡುಕಿದವು, ಆಮೇಲೆ ನಿಂತವು.

"ಚೆನ್ನಾಗಿದೆ ಮಗಾ. ಇದು ಯಾರದು?"

ಜಿನ್ನಪ್ಪ ಎದ್ದು ಹೋಗಿ ಆ ಡಬ್ಬಿ ತಂದ. ಆದರೆ ಯಾವ ಕೀಲಿ ಎಲ್ಲಿತ್ತೆಂದು ಅವನು ಗುರುತು ಹಾಕಿಕೊಂಡಿರಲಿಲ್ಲ.

"ಅಮ್ಮಾ, ನಿಮ್ಮ ಕಿರುಬೆರಳಿಗೆ ಯಾವುದಿತ್ತು?" ಎಂದು ಕೇಳಿದ.

ಆಕೆ ಮೇಜಿನ ಮೇಲೆ ಬೆರಳಾಡಿಸುತ್ತ ಒಂದೊಂದಾಗಿ ಹೇಳಿದಳು. ಬೆಸುಗೆ ಹಾಕುವಾಗ ಇನಾಸ್ ಕೈ ಸುಟ್ಟುಕೊಂಡು ಯಾರ್ಯಾರನ್ನೋ ಬೈದದ್ದನ್ನೂ ಹೇಳಿ ನಕ್ಕಳು. ಜಿನ್ನಪ್ಪನೂ ನಕ್ಕ. ಕೆಲಸ ಮೂರು ದಿನ ಹಿಡಿಯಿತು. ತೂತುಗಳನ್ನು ಮತ್ತೆ ಕೊರೆಯುವಾಗ ಕವಚ ಒಂದು ಕಡೆ ಬಿರುಕುಬಿಟ್ಟಿತು. ಅವನು ಅದನ್ನು ಹಾಗೆಯೇ ಬಿಟ್ಟ. ಕೊನೆಗೆ ಆಕೆ ಕಣ್ಣು ಮುಚ್ಚಿಕೊಂಡು ಒಂದು ಸಾಲು ಬರೆದಳು. ಒಂದಕ್ಷರವೂ ತಪ್ಪಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು: "ಹಾಗಾದರೆ ಬಿಚ್ಚಿ ಬದಲಾಯಿಸುವುದೇ ಸರಿ, ಅಲ್ಲವೇ?"

ಗುರು ಹೇಳಿದರು: "ಜಿನ್ನಪ್ಪ ಎರಡು ಸಲವೂ ಬಿಚ್ಚಿದ, ಎರಡನೆಯ ಸಲ ಕೇಳಿ ಬಿಚ್ಚಿದ."