ತೂತಿಲ್ಲದ ಎಲೆ

ಹೊಳೆ ಬಳಸಿ ಹರಿಯುವ ಒಂದು ತಿರುವಿನಲ್ಲಿ ಮುಪ್ಪಯ್ಯಜ್ಜನ ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ನಾಲ್ಕು ಕಂಬ, ಒಂದು ಒಲೆ, ಹಿಂದೆ ಸೊಪ್ಪಿನ ಹಿತ್ತಲು, ಮುಂದೆ ನೀರಿಗಿಳಿಯುವ ಮೆಟ್ಟಿಲು. ಅಲ್ಲಿ ಏಳು ಜನ ಶಿಷ್ಯರಿದ್ದರು.

ಬೆಳಗಿನ ಊಟಕ್ಕೆ ಕೂತಾಗ ಅಲ್ಲೊಂದು ಪದ್ಧತಿ. ರೊಟ್ಟಿ ಬಡಿಸುವ ಮೊದಲು ಅಜ್ಜ ತಾವೇ ಪಂಕ್ತಿಯುದ್ದಕ್ಕೂ ಬಂದು, ಅರೆದ ನೆಲಬೇವಿನ ಸೊಪ್ಪನ್ನು ಕಡಲೆಕಾಳಿನಷ್ಟು ಪ್ರತಿಯೊಬ್ಬರಿಗೂ ಹಾಕುತ್ತಿದ್ದರು. ಅದು ಬಾಯಿಗೆ ಹೋಗುವವರೆಗೂ ಮುಂದೆ ಸರಿಯುತ್ತಿರಲಿಲ್ಲ. ಆಮೇಲೆ ಕೇಳುತ್ತಿದ್ದರು.

"ಹೆಂಗೈತಿ?"

"ಕಹಿ ಐತ್ರಿ, ಅಜ್ಜಾರ."

ಏಳು ಜನರೂ ಹಾಗೆ ಹೇಳಿದ ಮೇಲೆ ಅಜ್ಜ ತಾವೂ ಒಂದು ಕಾಳಿನಷ್ಟು ತಿಂದು ಕೂರುತ್ತಿದ್ದರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅಷ್ಟಾದ ಮೇಲೆ ರೊಟ್ಟಿ.

ನೆಲಬೇವಿನ ಕಹಿ ಸಾಮಾನ್ಯದ್ದಲ್ಲ. ಮೊದಲ ದಿನ ಅದನ್ನು ತಿಂದ ಗಿರಿಮಲ್ಲ, ಆಗಲೇ ಮೀಸೆ ಬಂದಿದ್ದ ಗಂಡಸು, ಅತ್ತುಬಿಟ್ಟಿದ್ದ. ಅದಾಗಿ ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ಅವನು ಜ್ವರವೆಂದು ಒಂದು ದಿನ ಮಲಗಿದ್ದಿಲ್ಲ. ಅದು ಸೊಪ್ಪಿನ ಗುಣವೋ, ಹಿತಮಿತದ ಊಟದ ಗುಣವೋ, ಅವನು ವಿಚಾರಿಸಲು ಹೋಗಿರಲಿಲ್ಲ.

ಕಹಿಯೆಂದರೆ ಎಲೆಯ ಸಿಟ್ಟು ಎಂದು ಅಜ್ಜ ಹೇಳುತ್ತಿದ್ದರು. ಅದು ಒಂದಿಷ್ಟು ಹೊಟ್ಟೆಗೆ ಹೋದರೆ ಒಳಗೆ ತೂಕಡಿಸುತ್ತಿದ್ದದ್ದೆಲ್ಲ ಎದ್ದು ತನ್ನ ಕೆಲಸ ನೋಡಿಕೊಳ್ಳುತ್ತದೆ, ಹೆಚ್ಚು ಹೋದರೆ ಮನೆಯವರನ್ನೇ ಹೊಡೆಯುತ್ತದೆ. ಅದಕ್ಕೇ ಕಡಲೆಕಾಳಿನಷ್ಟು.

ಆ ಪದ್ಧತಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೊಳೆಯಂಚಿಗೆ ಆಳೆತ್ತರದ ಜೊಂಡು. ಜೊಂಡಿನಲ್ಲಿ ಹಾವು. ಹಾವಿನ ವಿಷ ಮೈಗೇರಿದವರ ನಾಲಗೆಗೆ ಕಹಿ ತಿಳಿಯುವುದಿಲ್ಲ, ಬೇವಿನ ಎಲೆಯೂ ಸಿಹಿಯಾಗುತ್ತದೆ ಎಂಬುದು ಆ ಕಡೆಯ ಹಿರಿಯರ ನಂಬಿಕೆ.

ಆರು ವರ್ಷದ ಹಿಂದೆ ದ್ಯಾವಪ್ಪನೆಂಬ ಶಿಷ್ಯ ಜೊಂಡು ಕೊಯ್ದು ಬಂದು ಪಂಕ್ತಿಯಲ್ಲಿ ಕೂತಿದ್ದ. ಕಾಲಿಗೆ ಏನೋ ಚುಚ್ಚಿತು, ಮುಳ್ಳಿರಬೇಕು ಎಂದಿದ್ದ. ಅಜ್ಜ ಕೇಳಿದಾಗ ನಗುತ್ತ, "ಇವತ್ತ ಸಿಹಿ ಐತ್ರಿ" ಎಂದ. ಹೊತ್ತು ನೆತ್ತಿಗೇರುವುದರೊಳಗೆ ಅವನು ಇರಲಿಲ್ಲ. ಅವತ್ತು ಅವನ ಪಕ್ಕದಲ್ಲಿ ಕೂತಿದ್ದವನು ಗಿರಿಮಲ್ಲ.

ಹೋದ ವರ್ಷ ಹಿತ್ತಲಿನ ಕೆಲಸ ಗಿರಿಮಲ್ಲನ ಪಾಲಿಗೆ ಬಂತು. ನೆಲಬೇವಿನ ಎಲೆಯೆಲ್ಲ ಜರಡಿಯಾಗಿತ್ತು. ಹುಳ ತಿಂದು ಬಿಟ್ಟದ್ದನ್ನೇ ಮಠ ತಿನ್ನುತ್ತಿತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ.

ಅವನು ಹೊಸ ಪಾತಿ ಮಾಡಿದ. ಗೊಬ್ಬರ ಹಾಕಿ, ದಿನಕ್ಕೆರಡು ಸಲ ನೀರುಣಿಸಿ, ಬಿಸಿಲು ತಾಗದಂತೆ ಹಳೆಯ ಧೋತರದ ಚಪ್ಪರ ಕಟ್ಟಿದ. ದಿನಾ ಬೆಳಿಗ್ಗೆ ಒಂದೊಂದು ಎಲೆ ತಿರುವಿ ಹುಳ ಆರಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ಕೊಲ್ಲಲು ಕೈ ಬಾರದೆ, ಜೊಂಡಿನೊಳಗೆ ನಾಲ್ಕು ಹೆಜ್ಜೆ ಹೋಗಿ ಕೊಡವಿ ಬರುತ್ತಿದ್ದ.

ಎಲೆಗಳು ಮೆತ್ತಗೆ, ಅಗಲಕ್ಕೆ ಬೆಳೆದವು. ಒಂದರಲ್ಲೂ ತೂತಿರಲಿಲ್ಲ.

ಒಂದು ಸಂಗತಿ ಮಾತ್ರ ಅವನಿಗೆ ವಿಚಿತ್ರವೆನಿಸುತ್ತಿತ್ತು. ಪಾತಿಯ ಬಳಿ ಸದ್ದೇ ನಿಂತುಹೋಗಿತ್ತು. ಮೊದಲು ಅಲ್ಲಿ ಕೂತರೆ ಕಿವಿ ತುಂಬ ಗುಂಯ್ ಎನ್ನುತ್ತಿತ್ತು, ಸುಮ್ಮನಿದ್ದರೆ ಹುಳ ಎಲೆ ಕೊರೆಯುವುದೂ ಕೇಳುತ್ತಿತ್ತು. ಈಗ ಜೇನಿಲ್ಲ, ಜೀರುಂಡೆಯಿಲ್ಲ, ಹಕ್ಕಿ ಆ ಚಪ್ಪರದ ಮೇಲೂ ಕೂರುತ್ತಿರಲಿಲ್ಲ. ಕಳೆ ಕೀಳುವಾಗ ಅವನಿಗೆ ಅವನ ಉಸಿರೇ ಕೇಳುತ್ತಿತ್ತು. ಯಾರೋ ಬೆನ್ನ ಹಿಂದೆ ಉಸಿರಾಡಿದಂತಾಗಿ ಎಷ್ಟೋ ಸಲ ತಿರುಗಿ ನೋಡಿದ್ದ.

ಅಜ್ಜ ಒಮ್ಮೆ ಬಂದು ನೋಡಿದರು. ಇಲ್ಲಿ ಯಾರೂ ಬರುವುದೇ ಇಲ್ಲವೇನೋ ಎಂದು ಕೇಳಿದರು. ಯಾರನ್ನೂ ಬಿಡುವುದಿಲ್ಲ ಎಂದು ಗಿರಿಮಲ್ಲ ಹೆಮ್ಮೆಯಿಂದ ಹೇಳಿದ. ಅವರು ಒಂದು ಎಲೆ ತಿರುವಿ ನೋಡಿ ಹೊರಟುಹೋದರು.

ಹೊಸ ಪಾತಿಯ ಮೊದಲ ಸೊಪ್ಪು ಒರಳಿಗೆ ಬಿದ್ದ ದಿನ ಗಿರಿಮಲ್ಲ ಮಡಿ ಉಟ್ಟು ಪಂಕ್ತಿಯಲ್ಲಿ ಕೂತ. ಅವನಿಗೆ ಅದು ಹಬ್ಬವೇ ಆಗಿತ್ತು. ಅಜ್ಜ ಬಂದರು. ಕಾಳಿನಷ್ಟು ಹಾಕಿದರು. ಅವನು ಬಾಯಿಗಿಟ್ಟ.

ಕಹಿ ಬರಲಿಲ್ಲ.

ಇನ್ನೊಮ್ಮೆ ಅಗಿದ. ನಾಲಗೆಯ ಬುಡಕ್ಕೆ ತಳ್ಳಿದ. ಹಸಿ ಹುಲ್ಲಿನ ವಾಸನೆ, ಅದರ ಹಿಂದೆಯೇ ತೆಳ್ಳಗೆ ಒಂದು ಸಿಹಿ.

"ಹೆಂಗೈತಿ?"

ಗಿರಿಮಲ್ಲ ತಲೆಯೆತ್ತಿದ. ಪಕ್ಕದಲ್ಲಿ ದ್ಯಾವಪ್ಪ ಕೂತು ನಕ್ಕಂತಾಯಿತು. ಅವನು ಸಿಹಿ ಎಂದ, ಸತ್ತ. ಆ ಮಾತು ಬಾಯಿಂದ ಹೊರಬಿದ್ದರೆ ತಾನೇ ಅದು ನಿಜವಾಗುವುದು ಎಂದು ಗಿರಿಮಲ್ಲನಿಗೆ ಅನಿಸಿತು. ಮನುಷ್ಯ ಹೆದರಿದಾಗ ಇಂಥ ಲೆಕ್ಕವೇ ಹಾಕುವುದು.

"ಕಹಿ ಐತ್ರಿ, ಅಜ್ಜಾರ."

ಅಜ್ಜ ಅವನ ಮುಖವನ್ನೇ ಒಂದು ಗಳಿಗೆ ನೋಡಿ ಮುಂದೆ ಸರಿದರು. ಸಾಲಿನಲ್ಲಿ ಉಳಿದವರ ಉತ್ತರವೂ ಅದೇ ಬಂತು. ಎಂದಿಗಿಂತ ದನಿ ಸಣ್ಣದಿತ್ತು, ಅಷ್ಟೆ.

ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ಎದ್ದವನೇ ಕಂಬದ ಮರೆಗೆ ಹೋಗಿ ಕಾಲು ನೋಡಿಕೊಂಡ. ಎಡಗಾಲ ಹಿಮ್ಮಡಿಯ ಮೇಲೆ ಎರಡು ಚುಕ್ಕೆ. ಬೆಳಿಗ್ಗೆ ಬುಟ್ಟಿ ಹಿಡಿದು ಜೊಂಡಿನೊಳಗೆ ಹೋಗಿದ್ದನಲ್ಲ, ಆಗ ಏನಾದರೂ ಚುಚ್ಚಿತ್ತೇ ಎಂದು ನೆನಪಿಸಿಕೊಂಡ. ನೆನಪಾಗಲಿಲ್ಲ. ಚುಚ್ಚಿಲ್ಲವೆಂದೂ ನೆನಪಾಗಲಿಲ್ಲ.

ಅಂಗಳದಲ್ಲೇ ಬೇವಿನ ಮರವಿತ್ತು. ಒಂದು ಎಲೆ ತಿಂದು ನೋಡಿದರೆ ತಿಳಿದುಬಿಡುತ್ತಿತ್ತು. ಅವನು ಕೊಂಬೆಗೆ ಕೈ ಚಾಚಿ, ತಿಳಿದುಬಿಡುತ್ತದಲ್ಲ ಎಂದೇ ಹೆದರಿ ಕೈ ಹಿಂದಕ್ಕೆಳೆದುಕೊಂಡ.

ಹೊತ್ತು ಏರಿತು. ಗಿರಿಮಲ್ಲನಿಗೆ ಸಾಯಲು ಮನಸ್ಸಿರಲಿಲ್ಲ. ದೇಹ ನೀರ ಮೇಲಣ ಗುಳ್ಳೆ ಎಂದು ಹನ್ನೊಂದು ವರ್ಷ ತಾಳ ಹಾಕಿ ಹಾಡಿದವನಿಗೆ ಇದು ನಾಚಿಕೆಯ ಮಾತು. ಆದರೂ ಮನಸ್ಸಿರಲಿಲ್ಲ.

ಆಮೇಲೆ ಅವನ ಕಣ್ಣಿಗೆ ಮಠವೇ ಬೇರೆಯಾಗಿ ಕಂಡಿತು.

ಅಡುಗೆಯ ಶಿವಗಂಗವ್ವ ಒಲೆಯ ಮುಂದೆ ಕಾಲು ಚಾಚಿ ಕೂತು ಪಾದಗಳನ್ನೇ ನೋಡುತ್ತಿದ್ದಳು. ಒಲೆ ಆರಿತ್ತು. ನೀರು ಹೊರುವ ಭರಮಪ್ಪ ಹೊಳೆಯಲ್ಲಿ ಮೊಣಕಾಲವರೆಗೆ ನಿಂತು ಕಾಲು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ, ತುಂಬಿದ ಕೊಡ ತೇಲಿ ಹೋಗುತ್ತಿದ್ದರೂ ಅವನಿಗೆ ಅರಿವಿರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಉಳಿದ ನಾಲ್ವರ ಮುಂದೆ ಪುಸ್ತಕ ತೆರೆದಿತ್ತು, ನಾಲ್ವರೂ ತಲೆ ತಗ್ಗಿಸಿ ತಮ್ಮ ತಮ್ಮ ಹಿಮ್ಮಡಿ ನೋಡುತ್ತಿದ್ದರು.

ಪಾತಿಯ ಮೇಲಿದ್ದ ಆ ಮೌನ ಗೋಡೆ ದಾಟಿ ಇಡೀ ಮಠದೊಳಗೆ ಬಂದು ಕೂತಂತಿತ್ತು. ತಾನಾಗಲೇ ಸತ್ತಿದ್ದೇನೆ, ಇವರೆಲ್ಲ ತನಗಾಗಿ ತಲೆ ತಗ್ಗಿಸಿದ್ದಾರೆ ಎಂದು ಗಿರಿಮಲ್ಲ ಅಂದುಕೊಂಡ.

ನೆತ್ತಿಯ ಹೊತ್ತು ದಾಟಿತು. ಅವನು ಬದುಕಿದ್ದ. ಅದರಿಂದ ಭಯವೇನೂ ಕಡಿಮೆಯಾಗಲಿಲ್ಲ.

ಹೊತ್ತು ಇಳಿದಾಗ ಭಜನೆಗೆಂದು ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ತಾಳ ಎತ್ತಿಕೊಂಡವರು ಯಾರೂ ಇಲ್ಲ. ಅಜ್ಜ ಕೊನೆಯ ಮೆಟ್ಟಿಲಲ್ಲಿ ಕೂತು ನೀರು ನೋಡುತ್ತಿದ್ದರು. ಗಿರಿಮಲ್ಲನಿಗೆ ಇನ್ನು ತಡೆಯಲಾಗಲಿಲ್ಲ. ಹೋಗಿ ಅವರ ಕಾಲ ಬಳಿ ಕೂತ.

"ಅಜ್ಜಾರ, ಮುಂಜಾನಿ ನಾ ಸುಳ್ಳ ಹೇಳೀನ್ರಿ. ನನಗ ಸಿಹಿ ಹತ್ತಿತ್ರಿ."

ಅಜ್ಜ ತಿರುಗಲಿಲ್ಲ. ಮೇಲಿನ ಮೆಟ್ಟಿಲಿಂದ ಶಿವಗಂಗವ್ವನ ದನಿ ಬಂತು. ತನಗೂ ಹಾಗೇ ಆಯಿತೆಂದಳು. ಭರಮಪ್ಪ ತನಗೂ ಎಂದ. ಆಮೇಲೆ ಒಬ್ಬರಾದ ಮೇಲೊಬ್ಬರು ಉಳಿದ ನಾಲ್ವರೂ.

ಏಳು ಜನ. ಏಳೂ ನಾಲಗೆ ಸಿಹಿ. ಹೊಳೆಯ ಮೇಲಿಂದ ಗಾಳಿ ಬಂದು ಜೊಂಡು ಸರಸರ ಎಂದಿತು, ಎಲ್ಲರೂ ಕಾಲು ಮೇಲಕ್ಕೆ ಎಳೆದುಕೊಂಡರು.

ಅಜ್ಜ ಎದ್ದು ಅಂಗಳಕ್ಕೆ ಹೋಗಿ ಬೇವಿನ ಒಂದು ಟೊಂಗೆ ಮುರಿದು ತಂದರು. ಒಬ್ಬೊಬ್ಬರಿಗೆ ಒಂದೊಂದು ಎಲೆ ಕೊಟ್ಟರು. ತಿನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಗಿರಿಮಲ್ಲ ಕಣ್ಣು ಮುಚ್ಚಿ ಕಚ್ಚಿದ.

ಕಹಿ. ಕಿವಿಯ ಬುಡದವರೆಗೆ ಏರುವ ಕಹಿ. ಅವನ ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಅವನು ಅಷ್ಟು ಸಂತೋಷದಿಂದ ಏನನ್ನೂ ತಿಂದಿರಲಿಲ್ಲ. ಹಿಂದೆ ಶಿವಗಂಗವ್ವ ಥೂ ಎಂದು ಉಗುಳಿ ಗೊಳ್ಳೆಂದು ನಕ್ಕಳು, ಎಲ್ಲರಿಗೂ ನಗು ಬಂತು.

ಅಜ್ಜ ನಗಲಿಲ್ಲ. ಉಳಿದ ಟೊಂಗೆಯನ್ನು ಹೆಗಲಿಗಿಟ್ಟುಕೊಂಡು ಹಿತ್ತಲಿನ ಕಡೆ ನಡೆದರು. ಎಲ್ಲರೂ ಹಿಂಬಾಲಿಸಿದರು.

ಗೋಡೆಯಾಚೆ, ಆಡು ತಿರುಗುವ ದಾರಿಯಲ್ಲಿ, ಯಾರೂ ನೆಡದ ಒಂದು ನೆಲಬೇವಿನ ಗಿಡವಿತ್ತು. ಗೇಣುದ್ದ, ಎಲೆಯೆಲ್ಲ ತೂತು. ಅದರ ಒಂದು ಚೂರನ್ನು ಅಜ್ಜ ಗಿರಿಮಲ್ಲನ ಬಾಯಿಗಿಟ್ಟರು. ಕಹಿಗೆ ನಾಲಗೆ ಮರಗಟ್ಟಿತು. ಆಗ ಅವನಿಗೆ ತನ್ನ ಪಾತಿಯ ಕಡೆ ನೋಡಲು ಮುಖವಿಲ್ಲದಾಯಿತು.

ತಾನೇನು ಕಡಿಮೆ ಮಾಡಿದೆ ಎಂದು ಕೇಳಿದ. ನೀರು ಕೊಟ್ಟೆ, ನೆರಳು ಕೊಟ್ಟೆ, ಒಂದು ಹುಳ ಮುಟ್ಟದಂತೆ ಕಾದೆ.

"ಕಹಿ ಯಾರ ಸಲುವಾಗಿ ಮಾಡತಿತ್ತೊ ಅದು?"

"ನಮ್ಮ ಸಲುವಾಗಿ, ಅಜ್ಜಾರ. ನಮ್ಮ ಆರೋಗ್ಯಕ್ಕ."

"ನಾವು ಅದಕ್ಕ ಗೊತ್ತ ಇಲ್ಲ. ಉಳ್ಳಾಗಡ್ಡಿ ಕಣ್ಣ ಉರಸತೈತಿ, ಮೆಣಸಿನಕಾಯಿ ಬಾಯಿ ಸುಡತೈತಿ, ಮೆಂತ್ಯ ಕಹಿ ಆಗತೈತಿ. ಎಲ್ಲಾ ಹುಳದ ಮ್ಯಾಲಿನ ಸಿಟ್ಟಿಗೆ, ಹುಳಕ್ಕ ಮಾಡಿದ ಅಡಿಗಿ. ಹುಳ ಉಂಡು ಬಿಟ್ಟದ್ದ ನಾವು ಉಣ್ಣಾಕತ್ತೀವಿ. ನೀ ಉಣ್ಣಾವರನ್ನ ಓಡಿಸಿದಿ. ಅದು ಒಲಿ ಆರಿಸಿ ಮಲಗ್ತು."

ಆಮೇಲೆ, ಬೆಳಿಗ್ಗೆ ಅಜ್ಜನೂ ಆ ಪಾತಿಯ ಸೊಪ್ಪನ್ನು ತಿಂದಿದ್ದರೆಂಬುದು ಗಿರಿಮಲ್ಲನಿಗೆ ಹೊಳೆಯಿತು. ಅವರಿಗೂ ತಿಳಿದಿರಬೇಕು. ಇಡೀ ದಿನ ನಾವು ಸಾಯುತ್ತಿದ್ದೆವು, ನೀವು ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದ.

"ನಾ ದಿನಾ ನಿಮ್ಮನ್ನ ಕೇಳತೀನಿ. ನನ್ನ ಯಾರರ ಒಂದ ದಿನ ಕೇಳೀರೇನು?"



ಹುಳಗಳನ್ನು ಎಲ್ಲಿ ಬಿಟ್ಟೆ ಎಂದು ಅಜ್ಜ ಕೇಳಿದರು. ಗಿರಿಮಲ್ಲ ಜೊಂಡು ತೋರಿಸಿದ, ತಾನೇ ಆರಿಸಿ ತರುತ್ತೇನೆಂದ. ಅಜ್ಜ ಬೇಡವೆಂದರು. ನೀನು ಚಪ್ಪರ ಬಿಚ್ಚು ಎಂದು ಹೇಳಿ, ಟೊಂಗೆಯನ್ನು ಗೋಡೆಯ ಮೇಲಿಟ್ಟು, ಬರಿಗಾಲಲ್ಲಿ ಜೊಂಡಿನೊಳಗೆ ಇಳಿದರು.

ಗಿರಿಮಲ್ಲ ಧೋತರದ ಗಂಟು ಬಿಚ್ಚುತ್ತಲೇ ಅತ್ತ ನೋಡುತ್ತಿದ್ದ. ಹೊತ್ತು ಮುಳುಗುತ್ತಿತ್ತು. ಜೊಂಡಿನ ತುದಿಗಳ ನಡುವೆ ಅಜ್ಜನ ಬಿಳಿ ತಲೆ ಬಗ್ಗುವುದೂ ಏಳುವುದೂ ಕಾಣುತ್ತಿತ್ತು. ಒಮ್ಮೆ ಅದು ಎದ್ದು ಹಾಗೆಯೇ ನಿಂತಿತು. ಅಲುಗಾಡಲಿಲ್ಲ. ಏನೋ ಕರೆದದ್ದನ್ನು ಕೇಳಿಸಿಕೊಳ್ಳುವವರಂತೆ ಅವರು ನಿಂತೇ ಇದ್ದರು. ಆಮೇಲೆ ಮತ್ತೆ ಬಗ್ಗಿ ಹುಳ ಆರಿಸತೊಡಗಿದರು.

ಬಂದಾಗ ಅವರ ಶಾಲಿನ ಸೆರಗಿನಲ್ಲಿ ಹಿಡಿಯಷ್ಟು ಹುಳಗಳಿದ್ದವು. ಪಾತಿಯ ಮೇಲೆ ಮೆಲ್ಲಗೆ ಕೊಡವಿದರು. ಹಸಿದಿದ್ದವೋ ಏನೋ, ಬಿದ್ದಲ್ಲೇ ಎಲೆಗೆ ಬಾಯಿ ಹಾಕಿದವು. ಎಷ್ಟೋ ತಿಂಗಳ ಮೇಲೆ ಆ ಹಿತ್ತಲಿನಲ್ಲಿ ಕರಕರ ಎಂಬ ಸಣ್ಣ ಸದ್ದು ಶುರುವಾಯಿತು. ಏಳು ಜನರೂ ಉಸಿರು ಬಿಗಿಹಿಡಿದು ಕೇಳಿದರು.

ಅಜ್ಜ ಗೋಡೆಗೆ ಒರಗಿ ಕೂತು, ಶಾಲಿನಿಂದ ಕಾಲು ಒರೆಸಿ, ಅದರೊಳಗೇ ಮುಚ್ಚಿಕೊಂಡರು. ಕೈ ಮೇಲೆ ಚಾಚಿ ಟೊಂಗೆ ತೆಗೆದುಕೊಂಡರು. ಆಗಷ್ಟೇ ಎಲ್ಲರ ನಾಲಗೆ ಸುಟ್ಟ ಅದೇ ಬೇವು. ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದರು.

ಗಿರಿಮಲ್ಲನ ಎದೆ ಹಗುರಾಗಿತ್ತು. ಬದುಕಿದ್ದೇನೆ ಎಂಬ ಸಂತೋಷ, ಅಜ್ಜನ ಮೇಲೆ ಎಂದಿಲ್ಲದ ಸಲಿಗೆ. ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, ಅವರು ಕೇಳುವ ರಾಗದಲ್ಲೇ ಕೇಳಿದ.

"ಹೆಂಗೈತ್ರಿ, ಅಜ್ಜಾರ?"

ಅಜ್ಜ ಎಲೆಯನ್ನು ಪೂರ್ತಿ ಅಗಿದು ನುಂಗಿದರು. ಅವನ ತಲೆಯ ಮೇಲೆ ಕೈಯಿಟ್ಟರು.

"ಸಿಹಿ ಐತಿ," ಎಂದರು. "ನಾಳಿಂದ ನೀ ಕೇಳು."