ಕೆಂಡಗಿತ್ತಿ ಗುಂಡು

ಮಲ್ಲನಹಾಳದಲ್ಲಿ ಬಸ್ಸಿಳಿದು ಬಡಗಣ ದಿಕ್ಕಿಗೆ ನೋಡಿದರೆ ಎರಡಾಳೆತ್ತರದ ಕರಿಬಂಡೆಯೊಂದು ಕಾಣುತ್ತದೆ. ಅದೇ ಕೆಂಡಗಿತ್ತಿ ಗುಂಡು. ಮನೆಮನೆಯ ಸುದ್ದಿ ಹೊತ್ತು ತಿರುಗುವವಳನ್ನು ನಮ್ಮೂರಲ್ಲಿ ಕೆಂಡಗಿತ್ತಿ ಎನ್ನುತ್ತಾರೆ. ಊರ ಗಡಿ ದಾಟಿದರೆ ಈ ಮಾತು ಯಾರಿಗೂ ತಿಳಿಯದು. ಹೊರಗಿನಿಂದ ಬಂದವರು ಯಾವುದೋ ಬೆಂಕಿಯ ದೇವತೆ ಎಂದುಕೊಂಡು ಕೈಮುಗಿಯುತ್ತಾರೆ. ಅವರನ್ನು ತಡೆದು ನಿಲ್ಲಿಸಿ ಕಥೆ ಹೇಳುವವರೆಗೆ ನನಗೆ ಸಮಾಧಾನವಿಲ್ಲ.

ಹಿಂದೆ ಒಮ್ಮೆ, ಬೆಂಕಿಕಡ್ಡಿ ಇನ್ನೂ ಈ ಕಡೆ ಬಾರದ ಕಾಲದಲ್ಲಿ, ಒಲೆ ಆರಿದ ಮನೆಯವರು ಬೆಳಗ್ಗೆ ಒಲೆ ಉರಿಯುವ ಮನೆಗೆ ಹೋಗಿ ಮಡಕೆಯ ಹೋಳಿನಲ್ಲಿ ಕೆಂಡ ತರುತ್ತಿದ್ದರು. ಹುಲಿಗೆವ್ವನೆಂಬ ಒಂಟಿ ಹೆಂಗಸಿನ ಒಲೆ ದಿನಾಲೂ ಆರುತ್ತಿತ್ತು. ಆರದಿದ್ದರೆ ಅವಳೇ ನೀರು ಚಿಮುಕಿಸುತ್ತಿದ್ದಳು ಎನ್ನುತ್ತಾರೆ. ಕೆಂಡಕ್ಕೆಂದು ಹೋದವಳು ನಾಲ್ಕು ಮನೆಯ ಸುದ್ದಿ ತಂದು ಎಂಟು ಮನೆಗೆ ಹಂಚುತ್ತಿದ್ದಳು. ಹೀಗೆ ಅವಳಿಗೆ ಕೆಂಡಗಿತ್ತಿ ಎಂಬ ಹೆಸರು ಬಿತ್ತು. ಅವಳ ಮಾತಿಗೆ ಉಪ್ಪು ಖಾರ ಹೆಚ್ಚೆಂದು ಊರು ನಂಬುತ್ತಲೂ ಇರಲಿಲ್ಲ, ಕೇಳದೆ ಬಿಡುತ್ತಲೂ ಇರಲಿಲ್ಲ.

ಒಂದು ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ಬೆಳಗ್ಗೆ ಕೆಂಡಕ್ಕೆ ಹೊರಟ ಹುಲಿಗೆವ್ವ ಕೆರೆಯ ಏರಿಯ ಬುಡದಲ್ಲಿ ಕೆಸರುನೀರು ಚಿಮ್ಮುವುದನ್ನು ಕಂಡಳು. ಏರಿಯ ಕೆಳಗೇ ಕೆಳಗೇರಿ. ಅಲ್ಲಿ ಅವಳ ಒಬ್ಬಳೇ ಮಗಳು, ಹೆತ್ತು ಒಂಬತ್ತು ದಿನದ ಬಾಣಂತಿ. ಬಾಣಂತನ ತನ್ನ ಮನೆಯಲ್ಲೇ ಆಗಲಿ ಎಂದು ಹುಲಿಗೆವ್ವ ಹಟ ಹಿಡಿದು ಸೋತಿದ್ದಳು. ಈಗ ಓಡಿಹೋಗಿ ಬೀದಿಯಲ್ಲಿ ನಿಂತು, ಕೆರೆ ಒಡೆಯುತ್ತದೆ ಎಂದು ಕೂಗಿದಳು. ಜನ ನಕ್ಕರು. ಮಗಳ ಅತ್ತೆ ದುರುಗವ್ವ ಬಾಗಿಲಿಗೆ ಅಡ್ಡ ನಿಂತು, "ಮಗಳನ್ನ ನಿಮ್ಮನಿಗೆ ಒಯ್ಯಾಕ ಇದೊಂದು ನೆವ ಏನ? ಹಸಿ ಬಾಣಂತಿ, ಹೊಸ್ತಿಲಾ ದಾಟಂಗಿಲ್ಲ" ಎಂದಳು.

ನೋಡಿ ಆ ಹೆಂಗಸಿನ ಬುದ್ಧಿ! ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಊರಿನ ಗುಣವನ್ನು ಅವಳಿಗಿಂತ ಬಲ್ಲವರಾರು? ನೆರೆಮನೆಗೆ ಹೋಗಿ ಹೋಳು ಚಾಚಿ, ಆ ಮನೆಯ ಪಾರವ್ವ ಕೆಂಡ ಹಾಕುವಾಗ ಅವಳ ಕಿವಿಯಲ್ಲಿ, "ಕೆರಿ ಕಾಯಾವನ ಹೆಂಡ್ತಿ ನಸುಕಿನಾಗ ಗಂಟು ಕಟಗೊಂಡು ಗುಡ್ಡ ಹತ್ತಿದಳು. ಕೆರಿ ಒಡಿತೈತಂತ. ಯಾರ ಮುಂದೂ ಹೇಳಬ್ಯಾಡ" ಎಂದಳು. ಅಷ್ಟು ಸಾಕಾಯಿತು. ಸುದ್ದಿ ಹಿತ್ತಿಲಿಂದ ಹಿತ್ತಿಲಿಗೆ ಹಾರಿತು. ಕೂಗಿಗೆ ಕದಲದ ಕೆಳಗೇರಿ ಪಿಸುಮಾತಿಗೆ ಎದ್ದು ನಿಂತಿತು. ಕೋಳಿ, ಕುರಿ, ಕೊನೆಗೆ ಬೀಸುಕಲ್ಲನ್ನೂ ಹೊತ್ತುಕೊಂಡು ಜನ ಈ ಬಂಡೆಯತ್ತ ಓಡಿದರು.

ಹುಲಿಗೆವ್ವ ಬಂಡೆಯ ಮೇಲೆ ನಿಂತು ಒಂದೊಂದು ಮುಖವನ್ನೂ ನೋಡುತ್ತಿದ್ದಳು. ಎಲ್ಲರಿಗಿಂತ ಕೊನೆಗೆ ದುರುಗವ್ವ ಬಂದಳು. ಕಂಕುಳಲ್ಲಿ ಕೂಸು, ಹಿಂದೆ ಕಂಬಳಿ ಹೊದ್ದ ಸೊಸೆ. ಏದುಸಿರು ಬಿಡುತ್ತಲೇ ಬೀಗತಿಯ ಕಿವಿಗೆ ಬಾಯಿಟ್ಟು, "ಖರೇನ ಕೆರಿ ಒಡಿತೈತಂತ. ನಾ ಹೇಳೀನಿ ಅನಬ್ಯಾಡ ಮತ್ತ" ಎಂದಳು. "ಹೌದೇನವ್ವಾ" ಎಂದು ಹುಲಿಗೆವ್ವ ಮೊಮ್ಮಗುವನ್ನು ಎತ್ತಿಕೊಂಡಳು. ಅಷ್ಟರಲ್ಲಿ ಏರಿ ಬಾಯ್ದೆರೆಯಿತು.

ಒಡೆದ ಏರಿಯ ಕಂಡಿ ಇಂದಿಗೂ ಹಾಗೆಯೇ ಇದೆ, ಅದರಾಚೆಗೆ ಜೋಳ ಬೆಳೆಯುತ್ತಾರೆ. ನಮ್ಮೂರಿನ ಬಾಣಂತಿಯರು ಹೊಸ್ತಿಲು ದಾಟಿದ ಮೊದಲ ದಿನ ಕೂಸನ್ನು ತಂದು ಬಂಡೆಯ ಮೇಲೆ ಮಲಗಿಸುತ್ತಾರೆ. ಆಯುಷ್ಯ, ಐಶ್ವರ್ಯ ಯಾವುದನ್ನೂ ಕೇಳುವುದಿಲ್ಲ. "ನಮ್ಮ ಕೂಸಿಗೂ ಒಂದೀಟು ನಿನ್ನ ಬಾಯಿ ಕೊಡವ್ವಾ" ಎಂದು ಬೇಡಿಕೊಂಡು ಹೋಗುತ್ತಾರೆ.