ಮುಳುಗುಗಾರನ ಗಡಿಯಾರ, ಮೇಲಿನವನ ಹಗ್ಗ

ಈಗಿನವರು ಮುಳುಗುಗಾರರ ಗಡಿಯಾರ ಕಟ್ಟಿಕೊಂಡು ಮದುವೆ ಊಟಕ್ಕೆ ಕೂರುತ್ತಾರೆ. ಸಾರು ಸಿಡಿದರೆ ಗಾಬರಿಯಾಗಿ ಒರೆಸುತ್ತಾರೆ. ಕಂಡರೆ ನನ್ನ ಮೈಯೆಲ್ಲ ಉರಿಯುತ್ತದೆ.

ನಮ್ಮ ಗುರುಗಳು ನಾಗೇಶ ಹರಿಕಂತ್ರರ ಗಡಿಯಾರ ಅಂಥದ್ದಲ್ಲ. ಕಡಲ ತಳದಲ್ಲಿ ದುಡಿಯುವವರಿಗೆಂದೇ ಮಾಡಿದ ಹಳೇ ಮಾಲು. ತೆಂಗಿನ ಗೆರಟೆಯಷ್ಟು ದಪ್ಪ. ಒಮ್ಮೆ ಅದನ್ನು ಶಾರ್ಕ್ ನುಂಗಿತು. ಎಂಟು ದಿನದ ಮೇಲೆ ಹೊಟ್ಟೆ ಸೀಳಿ ನೋಡಿದರೆ ನಾಲ್ಕೇ ಸೆಕೆಂಡು ಮುಂದಿತ್ತು. ಸುಳ್ಳು ಅನ್ನುವವರು ಶಾರ್ಕನ್ನೇ ಕೇಳಲಿ.

ಗುರುಗಳು ಅಳಿವೆಯ ದಂಡೆಯಲ್ಲಿ ಮುಳುಗುವ ವಿದ್ಯೆ ಕಲಿಸುತ್ತಿದ್ದರು. ಇಳಿದವರ ಸೊಂಟದ ಹಗ್ಗ ಮೇಲೆ ಕೂತು ಹಿಡಿಯುವವನು ನಾನು. ಇಪ್ಪತ್ತಾರು ವರ್ಷ ಹಿಡಿದೆ. ಒಮ್ಮೆ ತಿಮಿಂಗಿಲವನ್ನೂ ಎಳೆದೆ, ಅದು ಬೇರೆ ಮಾತು.

ಉಮಾಕಾಂತ ಎಂಬ ಶಿಷ್ಯನಿದ್ದ. ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.

ಅವನು ಮೊದಲ ಸಲ ಒಬ್ಬನೇ ಇಳಿಯುವ ದಿನ ಗುರುಗಳು ಆ ಗಡಿಯಾರವನ್ನು ಅವನ ಕೈಗೆ ಕಟ್ಟಿದರು.

"ಸಿಲಿಂಡರಿನಲ್ಲಿ ನಲವತ್ತು ನಿಮಿಷದ ಗಾಳಿ ಇದೆ. ಹಗ್ಗ ಮೂರು ಸಲ ಜಗ್ಗಿದರೆ ಮೇಲೆ ಬಾ."

ದಂಡೆಗೆ ತಾಗಿ ನಿಂತ ಹಡಗಿನ ತಳದ ಫ್ಯಾನಿಗೆ ಸುತ್ತಿಕೊಂಡ ಬಲೆ ಕೊಯ್ಯಲು ಅವನು ಇಳಿದ. ಗುರುಗಳು ಹಡಗಿನ ಗಡಿಯಾರಕ್ಕೆ ಮುಖ ಮಾಡಿ ಕೂತರು.

ಸ್ವಲ್ಪ ಹೊತ್ತಿಗೆ ನಾನು ಮೂರು ಸಲ ಜಗ್ಗಿದೆ. ಅವನು ಒಂದು ಸಲ ಜಗ್ಗಿದ. 'ತಡಿ' ಅಂತ ಅರ್ಥ.

ಮತ್ತೆ ಮೂರು ಸಲ ಜಗ್ಗಿದೆ. ಮತ್ತೆ 'ತಡಿ'.

ನಾನು ತಡೆಯಲಿಲ್ಲ. ಮೀನು ಎಳೆದ ಹಾಗೆ ಎಳೆದು ದಂಡೆಗೆ ಹಾಕಿದೆ.

ಅವನು ಬಾಯಿಯ ನಳಿಗೆ ಕಿತ್ತೆಸೆದು ಕೂಗಿದ. "ಇಪ್ಪತ್ತಾರೇ ನಿಮಿಷ ಆಗಿದ್ದು! ಬಲೆ ಅರ್ಧ ಹಾಗೇ ಇದೆ!"

ಗುರುಗಳು ನಳಿಗೆಯನ್ನು ಅವನ ಬಾಯಿಗೇ ಇಟ್ಟರು. "ಉಸಿರೆಳಿ."

ಎಳೆದ. ಗಾಳಿ ಬರಲಿಲ್ಲ. ಸಿಲಿಂಡರು ಬರಿದಾಗಿತ್ತು.

ಅಷ್ಟಕ್ಕೆ ಸುಮ್ಮನಾಗಬೇಕಲ್ಲ? ಇಲ್ಲ.

"ಗಾಳಿ ಕಡಮೆ ತುಂಬಿದ್ದಾರೆ," ಎಂದ. "ಈ ಹೆಬ್ಬೆಟ್ಟು ಎಳೆದದ್ದು ಬರೀ ಅಂದಾಜಿನ ಮೇಲೆ. ಗಡಿಯಾರ ನೋಡಲು ಬಾರದವನು ನನ್ನ ಹೊತ್ತು ಹೇಳುವುದಾ? ಒಂದೋ ಅವನಿರಲಿ, ಒಂದೋ ನಾನು."

ಸಿಟ್ಟಿಗೆ ನನ್ನ ನೆತ್ತಿಯ ಮೇಲೆ ಬಂಗುಡೆ ಹುರಿಯಬಹುದಿತ್ತು. ಸತ್ತುಹೋಗುತ್ತಿದ್ದವನು ಇವನು. ಬದುಕಿಸಿದ್ದಕ್ಕೆ ನನ್ನ ಅನ್ನಕ್ಕೇ ಕಲ್ಲು!

ಬಾಯಿ ತೆರೆದೆ. ಗುರುಗಳು ಕೈ ಎತ್ತಿದರು.

"ನೀನು ಸುಮ್ಮನೆ ಕೂರು."

ತಾವೇ ಹೊಸ ಸಿಲಿಂಡರು ಬೆನ್ನಿಗೇರಿಸಿ ಹಗ್ಗ ಕಟ್ಟಿಕೊಂಡರು. ಹಗ್ಗದ ತುದಿಯನ್ನು ಶಿಷ್ಯನಿಗೆ ಕೊಟ್ಟರು.

"ಗಡಿಯಾರವೂ ನಿನ್ನ ಹತ್ತಿರವೇ ಇರಲಿ. ನಲವತ್ತಕ್ಕೆ ಎಳಿ. ಒಂದು ನಿಮಿಷ ಮೊದಲು ಎಳೆದರೂ ನಾಳೆಯಿಂದ ಇತ್ತ ಬರಬೇಡ."

ಇಳಿದರು.

ಶಿಷ್ಯ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತ. ಐದು ನಿಮಿಷ. ಹತ್ತು.

ಹನ್ನೊಂದಕ್ಕೆ ಅವನ ಕತ್ತು ನೀರಿನ ಕಡೆ ತಿರುಗಿತು. ಮತ್ತೆ ಗಡಿಯಾರದ ಕಡೆ. ಮತ್ತೆ ನೀರಿನ ಕಡೆ.

"ಅಣ್ಣಾ," ಎಂದ ನನಗೆ. ಈಗ ನಾನು ಅಣ್ಣ! ನಾನು ಬೇರೊಂದು ಹಗ್ಗ ಸುತ್ತುತ್ತ ಕೂತೆ. ಗುರುಗಳ ಉಸಿರು ಎಂಥದ್ದೆಂದು ನನಗೆ ಗೊತ್ತು. ಅವರು ಒಂದು ಸಲ ಉಸಿರು ಕಟ್ಟಿದರೆ ದಂಡೆಯಲ್ಲಿ ಒಂದು ಪಾತ್ರೆ ಅನ್ನ ಬೇಯುತ್ತದೆ.

ಅವನು ಮೂರು ಸಲ ಜಗ್ಗಿದ. ಉತ್ತರವಿಲ್ಲ. ಗಡಿಯಾರವನ್ನು ಮರಳಿಗೆ ಬಿಟ್ಟು ಎರಡೂ ಕೈಯಲ್ಲಿ ಎಳೆದ. ಅಂಗೈ ಸುಲಿಯಿತು. ಅಳುತ್ತಲೇ ಎಳೆದ.

ಗುರುಗಳು ಎದೆಯುದ್ದ ನೀರಿನಲ್ಲಿ ಎದ್ದು ನಿಂತರು. ಕಣ್ಣು ಕೆಂಡ.

"ಎಷ್ಟಾಯಿತು?"

"ಹನ್ನೆರಡು."

"ನಲವತ್ತು ಅಂದಿದ್ದೆ. ಗಡಿಯಾರ ಕೆಟ್ಟಿದೆಯಾ?"

"ಇಲ್ಲ, ಗುರುಗಳೇ. ಗುಳ್ಳೆ... ನಿಮ್ಮ ಉಸಿರಿನ ಗುಳ್ಳೆ ಮೇಲೆ ಬರೋದು ನಿಂತುಹೋಯಿತು."

"ಬಲೆ ಕೊಯ್ಯುವಾಗ ನಿನ್ನ ಗುಳ್ಳೆ ಹೇಗೆ ಬಂದಿರಬೇಕು, ಗೊತ್ತಾ? ಗಂಜಿ ಕುದಿದ ಹಾಗೆ. ನಲವತ್ತರ ಗಾಳಿಯನ್ನು ಏದುತ್ತ ಏದುತ್ತ ಇಪ್ಪತ್ತಾರಕ್ಕೇ ಕುಡಿದು ಮುಗಿಸಿದೆ. ಹಗ್ಗ ಹಿಡಿದಿದ್ದ ಇವನು ಆ ನೀರಿನಿಂದ ಕಣ್ಣು ಕೀಳಲಿಲ್ಲ."

ಶಿಷ್ಯ ನೀರಿಗೆ ಓಡಿ ಗುರುಗಳ ಕಾಲು ಹಿಡಿಯಲು ಬಾಗಿದ.

ಗುರುಗಳು ಅವನ ರಟ್ಟೆ ಹಿಡಿದು ಎತ್ತಿ ನನ್ನ ಕಡೆ ತಿರುಗಿಸಿದರು.

"ನನಗೆ ಎಂತಕ್ಕೆ ಬೀಳ್ತೀಯೋ? ನಿನ್ನ ಉಸಿರು ತೀರುವಾಗ ನಾನೂ ಹಡಗಿನ ಗಡಿಯಾರ ನೋಡ್ತಾ ಕೂತಿದ್ದೆ."